ಲಿಕ್ವಿಡ್ ಲೇಟೆಕ್ಸ್: ಅಂಚು ಕಾಣದಂತೆ ಗಾಯ ಕಟ್ಟುವುದು, ಸುಕ್ಕು ಮೂಡಿಸುವುದು

ನಾಟಕಗಳಿಗೂ ಕಿರುಚಿತ್ರಗಳಿಗೂ ಮೇಕಪ್ ಮಾಡುವ ನನ್ನ ಪೆಟ್ಟಿಗೆಯಲ್ಲಿ ಸಿಲಿಕೋನ್ ಇದೆ, ಜೆಲಟಿನ್ ಇದೆ, ಗಾಯದ ಮೇಣವೂ ಇದೆ. ಆದರೂ ಹೊಸದಾಗಿ ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಲಿಕ್ವಿಡ್ ಲೇಟೆಕ್ಸ್ ಬಾಟಲಿಯನ್ನೇ. ಇದಕ್ಕೆ ಅಚ್ಚು ಬೇಡ, ಬಿಸಿ ಮಾಡುವ ಗೋಜಿಲ್ಲ, ಅಳತೆ ಮಾಡಿ ಬೆರೆಸುವ ಲೆಕ್ಕವಿಲ್ಲ. ಒಂದು ತುಂಡು ಸ್ಪಂಜು, ಒಂದಿಷ್ಟು ಟಿಶ್ಯೂ ಕಾಗದ, ಪೌಡರ್, ನಾಲ್ಕು ಬಣ್ಣ ಇದ್ದರೆ ಕೆಲಸ ಶುರು. ಆದರೆ ಇದು ಅವಸರ ಮಾಡುವವರ ಗುಟ್ಟನ್ನು ತಕ್ಷಣ ಬಯಲು ಮಾಡುವ ವಸ್ತು. ದಪ್ಪಗೆ ಬಳಿದರೆ ದಪ್ಪಗೇ ಕಾಣುತ್ತದೆ. ನೋಡುವವರ ಕಣ್ಣು ಮೊದಲು ಹಿಡಿಯುವುದು ಗಾಯದ ನಡುವಿನ ರಕ್ತವನ್ನಲ್ಲ, ಗಾಯ ಮುಗಿದು ಚರ್ಮ ಶುರುವಾಗುವ ಗೆರೆಯನ್ನು. ಆ ಗೆರೆಯನ್ನು ಇಲ್ಲವಾಗಿಸುವುದೇ ಇಲ್ಲಿನ ಮುಖ್ಯ ಕೆಲಸ. ಕೆಳಗೆ ಹೇಳಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಬಗ್ಗೆಯೇ ಇದೆ.

ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ರಬ್ಬರಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲಾಡಿಕೊಂಡಿರುತ್ತವೆ. ಮರದಿಂದ ಇಳಿಸಿದ ಹಾಲನ್ನು ಹಾಗೇ ಬಿಟ್ಟರೆ ಬೇಗ ಗಡ್ಡೆಗಟ್ಟಿ ಕೆಟ್ಟುಹೋಗುತ್ತದೆ. ಅದಕ್ಕೇ ಅಮೋನಿಯಾ ಬೆರೆಸಿಟ್ಟಿರುತ್ತಾರೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವುದು ಅದೇ ವಾಸನೆ. ಚರ್ಮಕ್ಕೆ ಹಚ್ಚಿದ ಮೇಲೆ ನೀರು, ಅಮೋನಿಯಾ ಎರಡೂ ಆರಿಹೋಗಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ತೆಳುವಾದ ಪೊರೆ ಉಳಿಯುತ್ತದೆ. ಹಸಿಯಾಗಿದ್ದಾಗ ಬೆಳ್ಳಗಿರುತ್ತದೆ, ಒಣಗಿದಾಗ ತುಸು ಹಳದಿ ಛಾಯೆಯೊಂದಿಗೆ ಪಾರದರ್ಶಕವಾಗುತ್ತದೆ. ಇದೊಂದು ಗುರುತು ನೆನಪಿಟ್ಟುಕೊಳ್ಳಿ: ಎಲ್ಲಿ ಬಿಳುಪು ಇನ್ನೂ ಕಾಣುತ್ತಿದೆಯೋ ಅಲ್ಲಿ ಒಣಗಿಲ್ಲ, ಅದರ ಮೇಲೆ ಇನ್ನೊಂದು ಪದರ ಹಾಕಬಾರದು. ಮೈಬಣ್ಣ ಬೆರೆಸಿ ಮಾರುವ ಲೇಟೆಕ್ಸ್ ಕೂಡ ಬಾಟಲಿಯಲ್ಲಿ ತಿಳಿಯಾಗಿ ಕಂಡು, ಒಣಗಿದ ಮೇಲೆ ಗಾಢವಾಗುತ್ತದೆ. ಬಾಟಲಿ ನೋಡಿ ಬಣ್ಣ ಹೊಂದಿಸಲು ಹೋಗಬೇಡಿ, ಮುಂಗೈ ಮೇಲೆ ಒಂದು ಚುಕ್ಕಿ ಒಣಗಿಸಿ ನೋಡಿ. ನಾನಂತೂ ಬಣ್ಣವಿಲ್ಲದ್ದನ್ನೇ ಇಟ್ಟುಕೊಳ್ಳುತ್ತೇನೆ. ಯಾರ ಮೈಬಣ್ಣಕ್ಕಾದರೂ ಮೇಲಿನಿಂದ ಬಣ್ಣ ಕೊಟ್ಟು ಹೊಂದಿಸಬಹುದು.

ಕೊಳ್ಳುವಾಗ ಬಾಟಲಿಯ ಮೇಲೆ ಚರ್ಮಕ್ಕೆ ಬಳಸಬಹುದೆಂದು ಬರೆದಿರುವುದನ್ನಷ್ಟೇ ಕೊಳ್ಳಿ. ಮುಖವಾಡ ಎರೆಯುವ ಲೇಟೆಕ್ಸ್, ಅಚ್ಚು ತೆಗೆಯುವ ಲೇಟೆಕ್ಸ್, ಕಾರ್ಪೆಟ್ ಅಂಟಿಸುವ ಲೇಟೆಕ್ಸ್ ನೋಡಲು ಒಂದೇ ಥರ ಇರುತ್ತವೆ, ಅಗ್ಗಕ್ಕೂ ಸಿಗುತ್ತವೆ. ಅವುಗಳಲ್ಲಿ ಅಮೋನಿಯಾ ಹೆಚ್ಚಿರುತ್ತದೆ, ಚರ್ಮಕ್ಕೆ ಆಗದ ಬೇರೆ ರಾಸಾಯನಿಕಗಳೂ ಇರಬಹುದು. ಇನ್ನೊಬ್ಬರ ಮುಖದ ಮೇಲೆ ಉಳಿತಾಯ ಮಾಡಬಾರದು. ಫೋಮ್ ಲೇಟೆಕ್ಸ್ ಎಂದು ಕೇಳಿರುತ್ತೀರಿ. ಅದು ಲೇಟೆಕ್ಸನ್ನು ನೊರೆ ಬರುವಂತೆ ಕಡೆದು, ಅಚ್ಚಿನಲ್ಲಿ ತುಂಬಿ, ಓವನ್‌ನಲ್ಲಿ ಬೇಯಿಸಿ ಮಾಡುವ ಬೇರೆಯೇ ವಿದ್ಯೆ. ಇಲ್ಲಿ ಅದರ ಮಾತಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಸ್ಪಂಜು ಕೈಗೆ ತೆಗೆದುಕೊಳ್ಳುವ ಮುಂಚೆ ಎದುರಿಗೆ ಕೂತವರನ್ನು ನಾನು ಕೇಳುವ ಕೆಲವು ಪ್ರಶ್ನೆಗಳಿವೆ. ಬಲೂನು ಊದಿದಾಗ ತುಟಿ ಕಡಿದದ್ದು, ಬಾತದ್ದು ಇದೆಯೇ? ರಬ್ಬರ್ ಗ್ಲೌಸ್ ಹಾಕಿದಾಗ ಕೈ ಕೆಂಪಾಗುತ್ತದೆಯೇ? ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದ ಮೇಲೆ ಬಾಯಿಯ ಸುತ್ತ ದದ್ದು ಎದ್ದಿತ್ತೇ? ಚಿಕ್ಕಂದಿನಲ್ಲಿ ಹಲವು ಆಪರೇಷನ್ ಆಗಿವೆಯೇ? ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು ತಿಂದರೆ ಬಾಯಿ ನವೆಯಾಗುತ್ತದೆಯೇ? ಕೊನೆಯ ಪ್ರಶ್ನೆ ಕೇಳಿದಾಗ ಬಹಳ ಜನ ಆಶ್ಚರ್ಯದಿಂದ ನೋಡುತ್ತಾರೆ. ರಬ್ಬರ್ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳು ಈ ಹಣ್ಣುಗಳಲ್ಲೂ ಇವೆ. ಹಾಗಾಗಿ ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಇರುವುದುಂಟು. ಯಾವುದಕ್ಕಾದರೂ ‘ಹೌದು’ ಎಂದರೆ ಅವರ ಮೇಲೆ ಲೇಟೆಕ್ಸ್ ಬೇಡ, ಪರೀಕ್ಷೆಗೂ ಒಂದು ಚುಕ್ಕಿ ಬೇಡ. ಸಿಲಿಕೋನ್ ಅಥವಾ ಜೆಲಟಿನ್ ಬಳಸಿ.

ಎಲ್ಲಕ್ಕೂ ‘ಇಲ್ಲ’ ಎಂದವರಿಗೂ ಮುಂದೋಳಿನ ಒಳಭಾಗದಲ್ಲಿ ಒಂದು ನಾಣ್ಯದಗಲ ಹಚ್ಚಿ, ಒಣಗಿಸಿ, ಕೆಲವು ಗಂಟೆ ಬಿಟ್ಟು ತೆಗೆಯುತ್ತೇನೆ. ಆಮೇಲೆ ಪೂರಾ 24 ಗಂಟೆ ಕಾಯುತ್ತೇವೆ. ಕೆಂಪು, ನವೆ, ಗುಳ್ಳೆ ತಡವಾಗಿ ಕಾಣಿಸಿಕೊಳ್ಳುವುದೂ ಇದೆ, ಅದಕ್ಕೇ ಪ್ರದರ್ಶನದ ದಿನ ಬೆಳಿಗ್ಗೆ ಮಾಡುವ ಪರೀಕ್ಷೆಗೆ ಬೆಲೆಯಿಲ್ಲ. ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಅದು ಮನೆಮದ್ದಿನ ವಿಷಯವಲ್ಲ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೇಕಪ್ ಮಾಡುವವರೂ ತಮ್ಮ ಬಗ್ಗೆ ಯೋಚಿಸಬೇಕು. ಈ ಅಲರ್ಜಿ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ಮತ್ತೆ ಮತ್ತೆ ತಾಗಿ ತಾಗಿ ವರ್ಷಗಳ ಮೇಲೆ ಶುರುವಾಗಬಹುದು. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

ಚರ್ಮವನ್ನು ಅಣಿ ಮಾಡುವುದು

ಲೇಟೆಕ್ಸ್ ದೊಡ್ಡ ಅಂಟೇನಲ್ಲ. ಎಣ್ಣೆ, ಕ್ರೀಮು, ಬೆವರು ಇದ್ದಲ್ಲಿ ಅಂಚು ಏಳುತ್ತದೆ. ಮುಖ ತೊಳೆದು ಒರೆಸಿ, ಆ ಜಾಗವನ್ನು ಆಲ್ಕೋಹಾಲ್ ವೈಪಿನಿಂದ ಒಮ್ಮೆ ಸವರಿ ಆರಲು ಬಿಡಿ. ಈಗಷ್ಟೇ ಶೇವ್ ಮಾಡಿದ ಕೆನ್ನೆಗೆ, ಮೊಡವೆ ಒಡೆದ ಜಾಗಕ್ಕೆ, ನಿಜವಾದ ಗಾಯಕ್ಕೆ ಹಚ್ಚುವಂತಿಲ್ಲ, ಅಮೋನಿಯಾ ಉರಿಯುತ್ತದೆ. ಗಡ್ಡ ತೆಗೆಯುವುದಿದ್ದರೆ ಹಿಂದಿನ ರಾತ್ರಿಯೇ ತೆಗೆದುಕೊಂಡು ಬರಲು ಹೇಳಿ.

ಕೂದಲಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಒಣಗಿದ ಲೇಟೆಕ್ಸ್ ಕೂದಲನ್ನು ಬುಡಸಮೇತ ಹಿಡಿದುಕೊಳ್ಳುತ್ತದೆ. ಹುಬ್ಬಿನ ಹತ್ತಿರ ಕೆಲಸವಿದ್ದರೆ ಹುಬ್ಬಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ಕೂದಲು ಪೂರ್ತಿ ಮುಚ್ಚುವಷ್ಟು ಸವರಿ, ಅದರ ಆಚೆಗೆ ಒಂದು ಬೆರಳು ಜಾಗ ಬಿಟ್ಟು ಕೆಲಸ ಮಾಡಿ. ಕೈಯ ಸಣ್ಣ ರೋಮಕ್ಕೆ ಜೆಲ್ಲಿ ಹಚ್ಚಿದರೆ ಲೇಟೆಕ್ಸ್ ಹಿಡಿಯುವುದೇ ಇಲ್ಲ. ಅಲ್ಲಿ ಒಂದೋ ಮೊದಲೇ ರೋಮ ತೆಗೆಯಬೇಕು, ಇಲ್ಲವೇ ರೋಮವಿಲ್ಲದ ಒಳಮಗ್ಗುಲಿಗೆ ಗಾಯವನ್ನು ಸರಿಸಬೇಕು. ನಾನು ಸಾಮಾನ್ಯವಾಗಿ ನಿರ್ದೇಶಕರನ್ನು ಒಪ್ಪಿಸಿ ಗಾಯವನ್ನೇ ಸರಿಸುತ್ತೇನೆ. ರೆಪ್ಪೆಯ ಕೂದಲು, ಕಣ್ಣಿನ ಅಂಚು, ತುಟಿಯ ಒಳಭಾಗ, ಮೂಗಿನ ಹೊಳ್ಳೆಯೊಳಗೆ ಯಾವ ಕಾರಣಕ್ಕೂ ಲೇಟೆಕ್ಸ್ ಹೋಗಬಾರದು.

ಬಟ್ಟೆಯ ಬಗ್ಗೆ ಒಂದು ಮಾತು: ಬಟ್ಟೆಗೆ ಬಿದ್ದು ಒಣಗಿದ ಲೇಟೆಕ್ಸ್ ಹೋಗುವುದಿಲ್ಲ. ವೇಷದ ಬಟ್ಟೆ ಹಾಕಿಕೊಂಡು ಕುರ್ಚಿಯಲ್ಲಿ ಕೂರಿಸಬೇಡಿ, ಹಳೆಯ ಅಂಗಿ ತೊಡಿಸಿ, ಅದೂ ತಲೆಯ ಮೇಲಿಂದ ಎಳೆಯದೆ ಮುಂದೆ ಗುಂಡಿ ಬಿಚ್ಚಿ ತೆಗೆಯುವಂಥದ್ದು.

ತೋಳಿನ ಮೇಲೆ ಹರಿದ ಗಾಯ

ಕಲಿಯಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮುಂದೋಳಿನ ಒಳಭಾಗ ಆರಿಸಿಕೊಳ್ಳಿ. ಗಾಯ ಎರಡು ಇಂಚು ಉದ್ದ ಎಂದುಕೊಳ್ಳೋಣ.

ಬಾಟಲಿಯಿಂದ ಒಂದು ಚಮಚೆಯಷ್ಟು ಲೇಟೆಕ್ಸನ್ನು ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿ, ಬಾಟಲಿಯ ಮುಚ್ಚಳವನ್ನು ಕೂಡಲೇ ಹಾಕಿ. ತೆರೆದಿಟ್ಟರೆ ಮೇಲೆ ಕೆನೆಗಟ್ಟುತ್ತದೆ, ಆ ಚೂರುಗಳು ಆಮೇಲೆ ನಿಮ್ಮ ನುಣುಪಾದ ಅಂಚಿನ ಮೇಲೆ ಬಂದು ಕೂರುತ್ತವೆ. ಟಿಶ್ಯೂ ಕಾಗದವನ್ನು ಪದರ ಬಿಡಿಸಿ ಒಂದೇ ಪದರ ಇಟ್ಟುಕೊಳ್ಳಿ. ಅದನ್ನು ಕತ್ತರಿಯಿಂದ ಕತ್ತರಿಸಬೇಡಿ, ಬೆರಳಿನಿಂದ ಹರಿಯಿರಿ. ಕತ್ತರಿಸಿದ ಗೆರೆ ಎಷ್ಟು ಲೇಟೆಕ್ಸ್ ಬಳಿದರೂ ಗೆರೆಯಾಗಿಯೇ ಉಳಿಯುತ್ತದೆ. ಹರಿದ ಕಾಗದದ ಎಳೆಗಳು ಒದ್ದೆಯಾದೊಡನೆ ಚರ್ಮದೊಳಗೆ ಬೆರೆತಂತೆ ಮಲಗುತ್ತವೆ. ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ನಾಲ್ಕು ಅಳತೆಯ ಉದ್ದುದ್ದ ತುಂಡುಗಳನ್ನು ಮೊದಲೇ ಹರಿದಿಟ್ಟುಕೊಳ್ಳಿ, ಲೇಟೆಕ್ಸ್ ಮೆತ್ತಿದ ಕೈಯಲ್ಲಿ ಟಿಶ್ಯೂ ಹರಿಯಲಾಗದು.

ಸ್ಪಂಜಿನ ತುದಿಯನ್ನು ಲೇಟೆಕ್ಸಿಗೆ ತಾಗಿಸಿ, ಲೋಟದ ಅಂಚಿಗೆ ಒತ್ತಿ ಹೆಚ್ಚಿನದನ್ನು ಬಿಡಿ. ಈಗ ಚರ್ಮದ ಮೇಲೆ ಎಳೆಯಬೇಡಿ, ತಟ್ಟಿ. ಎಳೆದರೆ ಲೇಟೆಕ್ಸ್ ಅರ್ಧ ಒಣಗಿ ಉಂಡೆಯಾಗಿ ಉರುಳಿ ಬರುತ್ತದೆ. ತಟ್ಟಿದರೆ ಸ್ಪಂಜಿನ ರಂಧ್ರಗಳು ಚರ್ಮದ ಸೂಕ್ಷ್ಮ ರಂಧ್ರಗಳಂತಹ ಮೇಲ್ಮೈಯನ್ನೂ ಬಿಟ್ಟುಹೋಗುತ್ತವೆ. ಬೇಕಾದ ಗಾಯಕ್ಕಿಂತ ಎಲ್ಲ ಕಡೆ ಒಂದಿಂಚು ಹೆಚ್ಚಾಗಿ, ಮೊಟ್ಟೆಯಾಕಾರದಲ್ಲಿ ತಟ್ಟಿ. ಅದು ಹಸಿಯಿರುವಾಗಲೇ ದೊಡ್ಡ ಟಿಶ್ಯೂ ತುಂಡನ್ನು ಮಲಗಿಸಿ, ಮೇಲಿನಿಂದ ಮತ್ತೆ ತಟ್ಟಿ ಕಾಗದ ಪೂರ್ತಿ ನೆನೆಯುವಂತೆ ಮಾಡಿ. ನೆನೆಯದ ಜಾಗ ಬೆಳ್ಳಗೆ ಒಣಗಿ ಕಾಗದದಂತೆಯೇ ಕಾಣುತ್ತದೆ. ಹೇರ್ ಡ್ರೈಯರನ್ನು ತಂಪು ಗಾಳಿಗಿಟ್ಟು ಒಂದಡಿ ದೂರದಿಂದ ಆರಿಸಿ. ಬಿಸಿ ಗಾಳಿ ಬೇಡ, ಚರ್ಮ ಬೆವರುತ್ತದೆ, ಬೆವರು ಒಳಗಿನಿಂದ ಪೊರೆಯನ್ನು ಎಬ್ಬಿಸುತ್ತದೆ. ಬಿಳುಪು ಹೋದ ಮೇಲೆ ಎರಡನೆಯ ಪದರ, ಅದಕ್ಕಿಂತ ಚಿಕ್ಕ ಟಿಶ್ಯೂ. ಆಮೇಲೆ ಮೂರನೆಯದು, ಇನ್ನೂ ಚಿಕ್ಕದು. ಹೀಗೆ ನಡುವೆ ದಪ್ಪ, ಅಂಚಿಗೆ ಬರುತ್ತ ತೆಳು. ಕೊನೆಯಲ್ಲಿ ಬರೀ ಲೇಟೆಕ್ಸನ್ನು ಟಿಶ್ಯೂ ಇಲ್ಲದ ಕಡೆಗೂ ಅರ್ಧ ಇಂಚು ದಾಟಿಸಿ, ಬಹುತೇಕ ಒಣಗಿದ ಸ್ಪಂಜಿನಿಂದ ತಟ್ಟಿ ತೆಳುವಾಗಿಸಿ.

ಇಲ್ಲಿ ನಿಲ್ಲಿ. ತೋಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಅಡಗಿರುವ ಅಂಚು ಓರೆ ಬೆಳಕಿನಲ್ಲಿ ನೆರಳು ಹಾಕಿ ಸಿಕ್ಕಿಬೀಳುತ್ತದೆ. ಎಲ್ಲಿ ಮೆಟ್ಟಿಲು ಕಾಣುತ್ತದೋ ಅಲ್ಲಿ ಇನ್ನೊಮ್ಮೆ ತೆಳುವಾಗಿ ತಟ್ಟಿ. ಮಾಡುವವರಲ್ಲಿ ಬಹುಪಾಲು ಜನ ಈ ಹಂತವನ್ನು ಹಾರಿಸಿ ನೇರ ರಕ್ತಕ್ಕೆ ಹೋಗುತ್ತಾರೆ. ರಂಗದ ಮೇಲೆ ಹತ್ತನೇ ಸಾಲಿನವರಿಗೆ ಅದು ಕಾಣದೇ ಹೋಗಬಹುದು, ಕ್ಯಾಮೆರಾ ಮಾತ್ರ ಬಿಡುವುದಿಲ್ಲ.

ಎಲ್ಲ ಒಣಗಿದ ಮೇಲೆ ಪೌಡರ್ ಹಾಕಲೇಬೇಕು. ಒಣಗಿದ ಲೇಟೆಕ್ಸ್ ಬೇರೆ ಯಾವುದಕ್ಕೂ ಅಷ್ಟು ಅಂಟದು, ತನಗೆ ತಾನು ಮಾತ್ರ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಪೌಡರ್ ಇಲ್ಲದೆ ಮೊಣಕೈ ಮಡಿಸಿದರೆ ಮಡಿಕೆ ಹಾಗೇ ಕೂತುಬಿಡುತ್ತದೆ. ಜೊತೆಗೆ ರಬ್ಬರಿನ ಹೊಳಪೂ ಪೌಡರಿನಿಂದ ಇಳಿಯುತ್ತದೆ.

ಈಗ ಗಾಯ ತೆರೆಯುವುದು. ನಡುವಿನ ದಪ್ಪ ಜಾಗವನ್ನು ಚಿಮಟದಿಂದ ಹಿಡಿದು ಚರ್ಮದಿಂದ ಮೇಲಕ್ಕೆತ್ತಿ. ಎತ್ತಿದ ಆ ಗುಡ್ಡಕ್ಕೆ ಮೊಂಡು ತುದಿಯ ಸಣ್ಣ ಕತ್ತರಿಯಿಂದ ಒಂದೇ ಒಂದು ಕಚ್ಚು ಹಾಕಿ. ಬ್ಲೇಡು ಬೇಡ, ಅಡಿಯಲ್ಲಿ ನಿಜವಾದ ಚರ್ಮ ಇದೆ. ಆಮೇಲೆ ಕತ್ತರಿ ಬದಿಗಿಟ್ಟು, ಕಚ್ಚಿನ ಎರಡೂ ಬದಿಯನ್ನು ಬೆರಳಿನಿಂದ ಹಿಡಿದು ನಿಧಾನವಾಗಿ ಹರಿಯಿರಿ. ನೆಟ್ಟಗೆ ಹೋಗಲು ಬಿಡಬೇಡಿ, ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು, ತುದಿಯಲ್ಲಿ ಕವಲು. ಟಿಶ್ಯೂವಿನ ಎಳೆಗಳು ಹರಿದು ಅಂಚಿಗೆ ತೊಗಲಿನ ಚೂರುಗಳಂತೆ ಜೋತುಬೀಳುತ್ತವೆ. ಒಂದೆರಡನ್ನು ಹಾಗೇ ಬಿಡಿ, ಉಳಿದವನ್ನು ಒಳಕ್ಕೆ ಮಡಿಸಿ. ಚೂರಿಯ ಗಾಯ ಬೇಕಿದ್ದರೆ ಮಾತ್ರ ಅಂಚು ನೆಟ್ಟಗೆ, ಚೊಕ್ಕವಾಗಿರಲಿ. ಬಿದ್ದು ಹರಿದದ್ದು, ನಾಯಿ ಕಚ್ಚಿದ್ದು, ಗಾಜು ಕೊಯ್ದದ್ದು ಒಂದೊಂದರ ಅಂಚೂ ಬೇರೆ. ಹೇಗೆ ಪೆಟ್ಟಾಯಿತು ಎಂದು ಕೇಳದೆ ನಾನು ಹರಿಯಲು ಹೋಗುವುದಿಲ್ಲ.

ಬಣ್ಣ

ಮೊದಲು ಹೊರಗಿನ ಮೈಬಣ್ಣ, ಆಮೇಲೆ ಒಳಗಿನ ಕೆಂಪು. ಲೇಟೆಕ್ಸ್ ಮೇಲೆ ನೀರಿನಲ್ಲಿ ಕಲಸುವ ಬಣ್ಣ ಹನಿಹನಿಯಾಗಿ ಜಾರುತ್ತದೆ. ಆಲ್ಕೋಹಾಲಿನಿಂದ ಕರಗಿಸಿ ಹಚ್ಚುವ ಬಣ್ಣಗಳು ಚೆನ್ನಾಗಿ ಹಿಡಿಯುತ್ತವೆ, ಬೆವರಿಗೂ ತಡೆಯುತ್ತವೆ. ಕಣ್ಣಿನ ಹತ್ತಿರ ಮಾತ್ರ ಅವು ಬೇಡ. ಅವಿಲ್ಲದಿದ್ದರೆ ಕ್ರೀಮ್ ಬಣ್ಣ ಹಚ್ಚಿ ಪೌಡರ್ ಒತ್ತಬಹುದು. ಒಂದು ಸಂಜೆಯ ಕೆಲಸಕ್ಕೆ ಅದು ಸಾಕು. ಖನಿಜ ಎಣ್ಣೆ ಬೆರೆತ ಬಣ್ಣಗಳು ಹೊತ್ತು ಕಳೆದಂತೆ ರಬ್ಬರನ್ನು ಮೆತ್ತಗಾಗಿಸಿ ಕೆಡಿಸುತ್ತವೆ ಎಂಬುದು ನೆನಪಿರಲಿ. ಹಿಂದಿನಿಂದ ಬಂದ ‘ರಬ್ಬರ್ ಮಾಸ್ಕ್’ ಬಣ್ಣಗಳಲ್ಲಿ ಹರಳೆಣ್ಣೆ ಇರುವುದು ಇದೇ ಕಾರಣಕ್ಕೆ. ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ (1922–2014) ಮೇಕಪ್ ಅಂಟಿಗೆ ಅಕ್ರಿಲಿಕ್ ಬಣ್ಣ ಬೆರೆಸಿ, ರಬ್ಬರಿನೊಂದಿಗೇ ಹಿಗ್ಗಿ ಕುಗ್ಗುವ ಪ್ಯಾಕ್ಸ್ ಬಣ್ಣವನ್ನು ರೂಢಿಗೆ ತಂದರು. ತಮ್ಮ ಸೂತ್ರಗಳನ್ನು ಮುಚ್ಚಿಡದೆ ಹೊಸಬರಿಗೆ ಬರೆದು ಕೊಡುತ್ತಿದ್ದವರು ಅವರು. ಇವತ್ತು ನಮ್ಮಂಥವರು ಈ ಕೆಲಸ ಮಾಡುತ್ತಿದ್ದರೆ ಅದರಲ್ಲಿ ಅವರ ಆ ಉದಾರತೆಯ ಪಾಲು ದೊಡ್ಡದಿದೆ. ಪ್ಯಾಕ್ಸ್ ಬಲವಾಗಿ ಅಂಟುತ್ತದೆ, ತೆಗೆಯುವುದೂ ಅಷ್ಟೇ ಕಷ್ಟ, ಕಲಿಯುವ ಹಂತದಲ್ಲಿ ಅದು ಬೇಕಾಗಿಲ್ಲ.

ಗಾಯದೊಳಗೆ ಒಂದೇ ಕೆಂಪು ತುಂಬಿದರೆ ಬಣ್ಣ ಬಳಿದ ಹಾಗಿರುತ್ತದೆ. ಅತಿ ಆಳದಲ್ಲಿ ಕಪ್ಪಿಗೆ ಹತ್ತಿರದ ಕೆಂಗಂದು, ಅದರ ಸುತ್ತ ಗಾಢ ಕೆಂಪು, ತುಟಿಯಂತೆ ತೆರೆದ ಅಂಚಿನ ಒಳಬದಿಗೆ ಒಂದೆರಡು ಕಡೆ ಮಾತ್ರ ಮಾಸಲು ಹಳದಿ. ಚರ್ಮದ ಅಡಿಯ ಕೊಬ್ಬಿನ ಬಣ್ಣ ಅದು, ಆಳ ತೋರಿಸುವುದು ಅದೇ. ಗಾಯದ ಹೊರಗೆ, ಲೇಟೆಕ್ಸ್ ಅಂಚನ್ನು ದಾಟಿ ನಿಜವಾದ ಚರ್ಮದ ಮೇಲೂ ತಿಳಿ ಕೆಂಪನ್ನು ಅಲ್ಲಲ್ಲಿ ತಟ್ಟಿ. ಇದಕ್ಕೆ ಎರಡು ಲಾಭ. ನಿಜವಾದ ಗಾಯದ ಸುತ್ತಲೂ ಚರ್ಮ ಕೆಂಪೇರಿರುತ್ತದೆ, ಜೊತೆಗೆ ಆ ಕೆಂಪು ಅಂಚನ್ನು ಎರಡೂ ಕಡೆಯಿಂದ ಮುಚ್ಚುತ್ತದೆ. ಕಂದು, ಕಪ್ಪು ಮೈಬಣ್ಣದ ಮೇಲೆ ಗುಲಾಬಿ ಕೆಂಪು ಸುಣ್ಣದಂತೆ ಮೇಲೆ ನಿಲ್ಲುತ್ತದೆ. ಅಲ್ಲಿ ಮರೂನ್, ನೇರಳೆ ಬೆರೆತ ಕೆಂಪೇ ಹೊಂದುತ್ತದೆ.

ಗಾಯ ಯಾವಾಗಿನದು ಎಂಬುದು ಬಣ್ಣವನ್ನು ನಿರ್ಧರಿಸಬೇಕು. ಈಗಷ್ಟೇ ಆದದ್ದು ಉಜ್ವಲ ಕೆಂಪು. ರಕ್ತ ಒಣಗಿದಂತೆ ಕಂದು. ಪೆಟ್ಟು ಬಿದ್ದು ಕಂದಿದ ಜಾಗ ಮೊದಲು ಕೆಂಪು, ಆಮೇಲೆ ನೀಲಿ-ನೇರಳೆ, ಕೆಲವು ದಿನಗಳಲ್ಲಿ ಹಸಿರು, ಕೊನೆಗೆ ಹಳದಿ. ಚರ್ಮದಡಿ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಆಮೇಲೆ ಹಳದಿಯ ಬಿಲಿರುಬಿನ್ ಆಗುವುದರಿಂದ ಈ ಕ್ರಮ. ಮೊದಲನೇ ಅಂಕದಲ್ಲಿ ಪೆಟ್ಟು ತಿಂದು, ಒಂದು ವಾರದ ನಂತರದ ದೃಶ್ಯದಲ್ಲೂ ಅದೇ ನೇರಳೆ ಬಣ್ಣದಲ್ಲಿ ನಿಂತ ಪಾತ್ರ ಕಂಡರೆ ನನಗೆ ಸಂಕಟವಾಗುತ್ತದೆ.

ರಕ್ತ ಸುರಿಯುವುದು ಕೊನೆಯ ಕೆಲಸ. ಗಾಯದೊಳಕ್ಕೆ ಜೆಲ್ಲಿಯಂತಹ ಗಟ್ಟಿ ರಕ್ತ, ಹೊರಗೆ ಹರಿಯಲು ತೆಳು ರಕ್ತ. ಪೆಟ್ಟಾದಾಗ ಕೈ ಯಾವ ಭಂಗಿಯಲ್ಲಿತ್ತು ಎಂದು ನಟರಿಂದ ಮಾಡಿಸಿ ನೋಡಿ, ಅದೇ ಭಂಗಿಯಲ್ಲಿ ಹಿಡಿದು, ಒಂದು ಹನಿ ಬಿಟ್ಟು, ಅದರ ದಾರಿಯಲ್ಲಿ ಅದು ಇಳಿಯಲಿ. ಕುಂಚದಿಂದ ಎಳೆದ ರಕ್ತದ ಗೆರೆ ಯಾವತ್ತೂ ಎಳೆದಂತೆಯೇ ಇರುತ್ತದೆ. ಕೃತಕ ರಕ್ತ ಚರ್ಮಕ್ಕೆ ಕಲೆ ಬಿಡಬಹುದು, ಮೊದಲೇ ಒಂದು ಮೂಲೆಯಲ್ಲಿ ಪರೀಕ್ಷಿಸಿ.

ಮುಖಕ್ಕೆ ಮುಪ್ಪು

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಇದು. ಪೆನ್ಸಿಲಿನಿಂದ ಸುಕ್ಕು ಬರೆದರೆ ನಟ ನಕ್ಕಾಗ ಒಂದು ಕಡೆ ಗೆರೆ, ಇನ್ನೊಂದು ಕಡೆ ಮಡಿಕೆ. ಲೇಟೆಕ್ಸಿನ ಸುಕ್ಕು ನಟನದೇ ಚರ್ಮದ ಸುಕ್ಕು, ಅವರು ನಕ್ಕಂತೆ ಅದೂ ನಗುತ್ತದೆ. ಉಪಾಯ ಸರಳ: ಚರ್ಮವನ್ನು ಎಳೆದು ಹಿಡಿದು, ಲೇಟೆಕ್ಸ್ ತಟ್ಟಿ, ಒಣಗಿಸಿ, ಹಿಡಿದಿರುವಾಗಲೇ ಪೌಡರ್ ಹಾಕಿ ಬಿಡುವುದು. ಚರ್ಮ ಹಿಂದಕ್ಕೆ ಹೋಗುವಾಗ ಮೇಲಿನ ಪೊರೆ ಸಣ್ಣ ಸಣ್ಣ ಸುಕ್ಕುಗಳಾಗಿ ಕುಗ್ಗುತ್ತದೆ.

ಸುಕ್ಕು ಯಾವ ದಿಕ್ಕಿಗೆ ಬೇಕೋ ಅದಕ್ಕೆ ಅಡ್ಡಲಾಗಿ ಎಳೆಯಬೇಕು. ಹಣೆಯ ಸುಕ್ಕು ಅಡ್ಡಡ್ಡ, ಹಾಗಾಗಿ ಹಣೆಯನ್ನು ಮೇಲಕ್ಕೂ ಹುಬ್ಬನ್ನು ಕೆಳಕ್ಕೂ ಎಳೆದು ಹಿಡಿಯಿರಿ. ಮೇಲ್ದುಟಿಯ ಮೇಲಿನ ಗೆರೆಗಳು ನೆಟ್ಟಗೆ ಇಳಿಯುವಂಥವು, ಅದಕ್ಕೆ ನಟರಿಗೆ ಹಲ್ಲು ಕಿರಿಯಲು ಹೇಳಿ ತುಟಿಯನ್ನು ಅಗಲಿಸಬೇಕು. ಕೆನ್ನೆಗೆ ಬಾಯಿಯಲ್ಲಿ ಗಾಳಿ ತುಂಬಿ ಉಬ್ಬಿಸಿದರೂ ಆದೀತು. ಕತ್ತಿಗೆ ತಲೆ ಹಿಂದಕ್ಕೆ ವಾಲಿಸಬೇಕು. ಕಣ್ಣಿನ ಹೊರತುದಿಯ ಗೆರೆಗಳಿಗೆ ಒಂದು ಬೆರಳನ್ನು ಕೆನ್ನೆಯ ಮೂಳೆಯ ಮೇಲೆ, ಇನ್ನೊಂದನ್ನು ಹುಬ್ಬಿನ ತುದಿಯ ಮೇಲಿಟ್ಟು ಮೇಲೆ-ಕೆಳಗೆ ಅಗಲಿಸಿ, ಕಣ್ಣು ಮುಚ್ಚಿಸಿ, ಕಣ್ಣಿನ ಅಂಚಿನಿಂದ ಒಂದು ಬೆರಳಷ್ಟು ದೂರವಿಟ್ಟು ತಟ್ಟಿ. ಅಮೋನಿಯಾದ ಆವಿಗೆ ಕಣ್ಣಲ್ಲಿ ನೀರು ಬರುತ್ತದೆ. ಪೂರ್ತಿ ಒಣಗಿ, ಗಾಳಿ ಬೀಸಿ, ಪೌಡರ್ ಹಾಕಿದ ಮೇಲೇ ಕಣ್ಣು ತೆರೆಯಲು ಹೇಳಿ. ಕಣ್ಣಿನ ಮೇಲ್ರೆಪ್ಪೆಗೆ ನಾನು ಹಚ್ಚುವುದೇ ಇಲ್ಲ, ಅಲ್ಲಿಗೆ ಬಣ್ಣದ ನೆರಳು ಸಾಕು.

ಒಬ್ಬರೇ ಎಳೆದು, ತಟ್ಟಿ, ಆರಿಸಿ, ಪೌಡರ್ ಹಾಕಲು ಕೈ ಸಾಲದು. ಎಳೆದು ಹಿಡಿಯಲು ಇನ್ನೊಬ್ಬರು ಬೇಕು. ಒಮ್ಮೆಗೆ ಒಂದು ಭಾಗ, ಅದು ಪೂರ್ತಿ ಮುಗಿದ ಮೇಲೆ ಪಕ್ಕದ್ದು, ಒಂದರ ಅಂಚಿನ ಮೇಲೆ ಇನ್ನೊಂದು ಸ್ವಲ್ಪ ಹತ್ತುವಂತೆ. ಒಂದು ಪದರಕ್ಕೆ ನವಿರಾದ ಸುಕ್ಕು, ಎರಡಕ್ಕೆ ಗಾಢ, ಮೂರಕ್ಕೆ ತೀರಾ ಮುಪ್ಪು. ಎರಡನೆಯ ಪದರಕ್ಕೂ ಅದೇ ದಿಕ್ಕಿಗೆ, ಅಷ್ಟೇ ಬಿಗಿಯಾಗಿ ಎಳೆಯಬೇಕು. ಲೇಟೆಕ್ಸಿಗೆ ಚಿಟಿಕೆ ಟಾಲ್ಕ್ ಬೆರೆಸಿದರೆ ಹೊಳಪು ಕಡಿಮೆಯಾಗಿ ಸುಕ್ಕಿಗೆ ಮೈ ಬರುತ್ತದೆ.

ಎಲ್ಲ ಮುಖಕ್ಕೂ ಇದು ಒಂದೇ ಥರ ಒಲಿಯುವುದಿಲ್ಲ. ತುಂಬುಕೆನ್ನೆಯ ಇಪ್ಪತ್ತರ ಹುಡುಗರ ಚರ್ಮ ಬಿಗಿಯಾಗಿದ್ದು ಎಳೆತಕ್ಕೇ ಸಿಗುವುದಿಲ್ಲ. ಮೂವತ್ತೈದು ದಾಟಿದವರಲ್ಲಿ ಅದ್ಭುತವಾಗಿ ಬರುತ್ತದೆ. ತೀರಾ ಎಳೆಯ ಮುಖಕ್ಕೆ ತಾತನ ವೇಷ ಬಂದಾಗ ನಾನು ಮುಖದಲ್ಲಿ ಕಣ್ಣಿನ ತುದಿ, ತುಟಿಯ ಮೇಲ್ಭಾಗಕ್ಕಷ್ಟೇ ಲೇಟೆಕ್ಸ್ ಇಟ್ಟು, ಹೆಚ್ಚಿನ ಹೊತ್ತನ್ನು ಕೈಗೆ ಕೊಡುತ್ತೇನೆ. ಮುಷ್ಟಿ ಬಿಗಿಹಿಡಿಸಿ ಹಿಂಗೈಗೆ ಎರಡು ಪದರ ತಟ್ಟಿ, ಆರಿಸಿ, ಪೌಡರ್ ಹಾಕಿ ಮುಷ್ಟಿ ಬಿಡಿಸಿದರೆ ಗೆಣ್ಣುಗಳ ಮೇಲೆ ಸಡಿಲ ತೊಗಲು, ನಡುವೆ ಬಲೆಬಲೆಯಾದ ಸುಕ್ಕು. ಒಂದೆರಡು ನಸುಗಂದು ಮಚ್ಚೆ, ನರದ ಮೇಲೆ ತಿಳಿ ನೀಲಿ. ಕನ್ನಡಿ ನೋಡಿಕೊಂಡಾಗ ಸುಮ್ಮನಿದ್ದ ಹುಡುಗ ತನ್ನ ಕೈ ನೋಡಿಕೊಂಡ ಕೂಡಲೇ ಅದನ್ನು ಮೆಲ್ಲಗೆ ಮೊಣಕಾಲ ಮೇಲಿಟ್ಟು, ಬೆನ್ನು ತಾನೇ ಬಾಗಿಸಿದ್ದನ್ನು ಕಂಡಿದ್ದೇನೆ. ಮೇಕಪ್ ಮೊದಲು ನಂಬಿಸಬೇಕಾದದ್ದು ನಟನನ್ನೇ.

ಸುಕ್ಕಿನ ಮೇಲೆ ಬಣ್ಣ ಕಡಿಮೆ ಹಾಕಿ. ಅವು ತಮ್ಮ ನೆರಳನ್ನು ತಾವೇ ಹಾಕಿಕೊಳ್ಳುತ್ತವೆ. ಉಬ್ಬುಗಳ ಮೇಲೆ ತುಸು ತಿಳಿ ಬಣ್ಣ ಸವರಿದರೆ ಸಾಕು.

ಸುಟ್ಟ ಚರ್ಮ

ಇದಕ್ಕೆ ಅಚ್ಚುಕಟ್ಟು ಬೇಡ. ಮೊದಲು ಚರ್ಮಕ್ಕೆ ನೇರವಾಗಿ ಕೆಂಪು ತಟ್ಟಿ, ಅದು ನಿಂತ ಮೇಲೆ ಲೇಟೆಕ್ಸನ್ನು ಎರಡು ಪದರ, ಅಂಕುಡೊಂಕಾಗಿ. ಪೂರ್ತಿ ಒಣಗುವ ಮುಂಚೆ ಅಲ್ಲಲ್ಲಿ ಬೆರಳಿನಿಂದ ಉಜ್ಜಿ ಪೊರೆಯನ್ನು ಎಬ್ಬಿಸಿ, ಹರಿದು ಸುರುಳಿಯಾಗಲು ಬಿಡಿ. ಕೆಳಗಿನ ಕೆಂಪು ತಾನೇ ಇಣುಕುತ್ತದೆ. ಬೊಕ್ಕೆ ಬೇಕಿದ್ದರೆ, ಒಣಗಿದ ಪೊರೆಯನ್ನು ಒಂದು ಕಡೆ ಸಣ್ಣಗೆ ತೆರೆದು, ನೀರಿನಲ್ಲಿ ಕರಗುವ ಪಾರದರ್ಶಕ ಜೆಲ್ಲಿಯನ್ನು ಕಡ್ಡಿಯ ತುದಿಯಿಂದ ಒಳಗೆ ತುಂಬಿ, ಬಾಯಿಗೆ ಒಂದು ಹನಿ ಲೇಟೆಕ್ಸ್ ಇಟ್ಟು ಮುಚ್ಚಿ. ಸುಟ್ಟ ಮಟ್ಟವನ್ನು ತಿಳಿದು ಮಾಡಿ: ಮೇಲ್ಮೈ ಮಾತ್ರ ಸುಟ್ಟಿದ್ದರೆ ಬರೀ ಕೆಂಪು, ಅದಕ್ಕಿಂತ ಆಳಕ್ಕೆ ಹೋದರೆ ಬೊಕ್ಕೆ ಮತ್ತು ಒದ್ದೆ ಹೊಳಪು, ತೀರಾ ಆಳಕ್ಕೆ ಸುಟ್ಟರೆ ಒಣಕಲು, ಮೇಣದಂತೆ ಬಿಳಿಚಿದ ಇಲ್ಲವೇ ಕರಕಲಾದ ತೊಗಲು. ಕರಕಲಿನ ನಡುವೆ ಬೊಕ್ಕೆ ಇಡುವುದಿಲ್ಲ, ಬೊಕ್ಕೆಯ ಜಾಗ ಸುತ್ತಲಿನ ಅಂಚು.

ತೆಗೆಯುವುದು, ಎತ್ತಿಡುವುದು

ಪ್ರದರ್ಶನ ಮುಗಿದ ಮೇಲೆ ನಟರು ದಣಿದಿರುತ್ತಾರೆ, ತಾವೇ ಕಿತ್ತುಕೊಳ್ಳಲು ಹೋಗುತ್ತಾರೆ. ಬಿಡಬೇಡಿ. ಅವರ ಚರ್ಮ ಮೊದಲಿದ್ದಂತೆ ಇರುವವರೆಗೂ ಅದು ನಿಮ್ಮ ಕೆಲಸ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಟವೆಲನ್ನು ಒಂದೆರಡು ನಿಮಿಷ ಒತ್ತಿ ಹಿಡಿದು, ಅಂಚಿನಿಂದ ಮೆಲ್ಲಗೆ ಬಿಡಿಸಿ. ಎದ್ದ ಅಂಚಿನ ಅಡಿಗೆ ಎಣ್ಣೆ ಅಥವಾ ಕ್ಲೆನ್ಸಿಂಗ್ ಕ್ರೀಮ್ ಸವರುತ್ತ ಮುಂದೆ ಹೋಗಿ. ರಬ್ಬರನ್ನು ಕೆಡಿಸುವ ಎಣ್ಣೆಯ ಗುಣ ಇಲ್ಲಿ ನಿಮ್ಮ ಪರವಾಗಿದೆ. ಒಂದು ಕೈ ಚರ್ಮವನ್ನು ಒತ್ತಿ ಹಿಡಿದಿರಲಿ, ಇನ್ನೊಂದು ಕೈ ರೋಮ ಬೆಳೆದ ದಿಕ್ಕಿಗೆ, ಚರ್ಮಕ್ಕೆ ಸಮಾನಾಂತರವಾಗಿ ಸುಲಿಯಲಿ. ಕೂದಲು ಸಿಕ್ಕಿಕೊಂಡರೆ ನಿಂತು, ಎಣ್ಣೆ ನೆನೆಸಿ, ಕಾಯಿರಿ. ಆಮೇಲೆ ಮುಖ ತೊಳೆಸಿ, ತೇವ ಕೊಡುವ ಕ್ರೀಮ್ ಹಚ್ಚಿ. ದಿನಾ ಪ್ರದರ್ಶನವಿದ್ದು ಚರ್ಮ ಕೆಂಪೇರತೊಡಗಿದರೆ ಒಂದು ದಿನದ ಮಟ್ಟಿಗೆ ಬಣ್ಣದಲ್ಲೇ ನಿಭಾಯಿಸಿ.

ಕುಂಚ ಬಳಸಲೇಬೇಕಾದರೆ ಮೊದಲು ಪಾತ್ರೆ ತೊಳೆಯುವ ಸೋಪಿನ ದ್ರಾವಣದಲ್ಲಿ ಅದ್ದಿ ಹಿಂಡಿ, ಆಮೇಲೆ ಲೇಟೆಕ್ಸಿಗಿಳಿಸಿ, ಮುಗಿದ ಕೂಡಲೇ ನೀರಿನಲ್ಲಿ ತೊಳೆಯಿರಿ. ಒಣಗಿದರೆ ಆ ಕುಂಚ ಹೋಯಿತೆಂದೇ ಲೆಕ್ಕ. ನನಗೆ ಬಿಸಾಡುವ ಸ್ಪಂಜೇ ಹಿತ. ಲೋಟದಲ್ಲಿ ಉಳಿದ ಲೇಟೆಕ್ಸನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಲೋಟದಲ್ಲೇ ಒಣಗಲು ಬಿಟ್ಟರೆ ಮಾರನೇ ದಿನ ಹಾಳೆಯಂತೆ ಎದ್ದು ಬರುತ್ತದೆ, ಕಸಕ್ಕೆ ಹಾಕಬಹುದು. ಮಿಕ್ಕದ್ದನ್ನು ಬಾಟಲಿಗೆ ವಾಪಸು ಸುರಿಯುವುದೂ ಬೇಡ.

ಬಾಟಲಿಯ ಕಂಠವನ್ನು ಒರೆಸಿ, ಮುಚ್ಚಳ ಬಿಗಿ ಮಾಡಿ, ಬಿಸಿಲು ತಾಗದ ತಂಪು ಜಾಗದಲ್ಲಿಡಿ. ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟಿ ಒಡೆದ ಲೇಟೆಕ್ಸ್ ಮತ್ತೆ ಸರಿಹೋಗುವುದಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಹಾಕಬೇಡಿ, ತಾಮ್ರ ತಾಗಿದರೆ ರಬ್ಬರ್ ಬಣ್ಣಗೆಟ್ಟು ಹಾಳಾಗುತ್ತದೆ. ಲೇಟೆಕ್ಸ್ ಮುಟ್ಟಿದ ಗ್ಲೌಸಿನಲ್ಲಿ ಪ್ಲಾಟಿನಂ ಸಿಲಿಕೋನನ್ನು (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆಯ ಸಿಲಿಕೋನ್) ಮುಟ್ಟಿದರೆ ಆ ಸಿಲಿಕೋನ್ ಗಟ್ಟಿಯಾಗದೇ ಉಳಿದೀತು, ಎರಡಕ್ಕೂ ಬೇರೆ ಬೇರೆ ಮೇಜು ಇಟ್ಟುಕೊಂಡರೆ ಒಳಿತು. ಬಾಟಲಿ ತೆರೆದ ತಾರೀಕನ್ನು ಮೇಲೆ ಬರೆದಿಡಿ. ಸಣ್ಣ ಚೂರುಗಳು ತೇಲುತ್ತಿದ್ದರೆ ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಗಡ್ಡೆಗಟ್ಟಿದ್ದರೆ, ಅಮೋನಿಯಾದ ಬದಲು ಕೊಳೆತ ವಾಸನೆ ಬಂದರೆ ಅದನ್ನು ಯಾರ ಚರ್ಮಕ್ಕೂ ಹಚ್ಚಬೇಡಿ, ಹೊಸ ಬಾಟಲಿ ತೆರೆಯಿರಿ.